ಗಾಲಿ ಆನೆಯ ಹೊಟ್ಟೆಯ ಸದ್ದು

ಜೀವನ್ ಬಿಮಾ ನಗರದಲ್ಲಿ ಶೇಖರಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರು ಶೇಖರಪ್ಪನವರ ಮನೆ ಎಂದರೆ ಮಾತ್ರ ಇಸ್ತ್ರಿ ಅಂಗಡಿಯವನಿಂದ ಹಿಡಿದು ಹಾಲಿನ ಬೂತಿನವನವರೆಗೆ ಎಲ್ಲರೂ ಕೈ ಎತ್ತಿ ತೋರಿಸುತ್ತಿದ್ದರು. ಹಾಗೆಂದು ಅವರ ಬಳಿ ಕಾರಿತ್ತು ಎಂದುಕೊಳ್ಳಬೇಡಿ. ಇದ್ದದ್ದು ಒಂದು ಹಳೇ ಸ್ಕೂಟರು. ಅದೂ ವಾರಕ್ಕೆರಡು ಸಲ ಮುನಿಸಿಕೊಂಡು ದೊಮ್ಮಲೂರಿನ ಹತ್ತಿರ ನಿಂತುಬಿಡುತ್ತಿತ್ತು. ಕಾರುಗಳೆಲ್ಲ ಇದ್ದದ್ದು ಮಲಗುವ ಕೋಣೆಯ ಬೀರುವಿನಲ್ಲಿ.

ಆ ಬೀರು ಮದುವೆಯಲ್ಲಿ ಹೆಂಡತಿ ವಿಮಲಾಕ್ಷಮ್ಮನವರ ತವರಿನವರು ಸೀರೆ ಇಡಲೆಂದು ಕೊಟ್ಟದ್ದು. ಸೀರೆಗಳು ಒಂದೊಂದಾಗಿ ಟ್ರಂಕಿಗೆ ವರ್ಗವಾದವು, ಅವುಗಳ ಜಾಗದಲ್ಲಿ ಗಾಡಿಗಳು ಬಂದು ಕೂತವು. ಜಪಾನಿನ ತಗಡಿನ ಲಾರಿ, ಇಂಗ್ಲೆಂಡಿನ ಪುಟ್ಟ ಎರಕದ ಕಾರು, ಕೀಲಿ ಕೊಟ್ಟರೆ ಓಡುವ ಜರ್ಮನಿಯ ಮೋಟಾರ್ ಸೈಕಲ್ಲು. ಜೊತೆಗೆ ಮಕ್ಕಳು ಚಿಲ್ಲರೆ ಕಾಸು ಕೂಡಿಡಲೆಂದು ಒಂದು ಕಾಲದಲ್ಲಿ ತಯಾರಾಗುತ್ತಿದ್ದ ಹುಂಡಿಗಳು: ಅಂಚೆಪೆಟ್ಟಿಗೆಯಂಥದ್ದು, ಎರಡಂತಸ್ತಿನ ಬಸ್ಸಿನಂಥದ್ದು, ಬಾಯಿ ತೆರೆದ ಕಪ್ಪೆಯಂಥದ್ದು. ಮಗಳು ಅಂಜಲಿ ಆಡುವ ವಯಸ್ಸಿನಲ್ಲಿದ್ದಾಗ ಅವಳ ಕೈಗೆ ಸಿಕ್ಕಿದ್ದು ಕಮರ್ಷಿಯಲ್ ಸ್ಟ್ರೀಟಿನ ಹೊಸ ಪ್ಲಾಸ್ಟಿಕ್ ಜೀಪು. ಬೀರುವಿನ ಗಾಡಿಗಳನ್ನು ಅವಳು ಕೈ ಕಟ್ಟಿಕೊಂಡು ನೋಡಬೇಕಿತ್ತು, ಅಷ್ಟೇ.

ಈ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದವರಿಗೆ ಶೇಖರಪ್ಪನವರು ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದರು. ಹರಿಹರದಲ್ಲಿ ಅಕ್ಕಿ ಮಂಡಿ ಸಾಹುಕಾರರ ಮನೆಯಲ್ಲಿ ಕಂಡ ತಗಡಿನ ರೈಲು ಎಂದು ಒಮ್ಮೆ, ಸೋದರಮಾವ ಬೊಂಬಾಯಿಯಿಂದ ತಂದು ವಾಪಸ್ ಒಯ್ದ ಟ್ರಾಮು ಎಂದು ಇನ್ನೊಮ್ಮೆ. ಯಾವುದು ನಿಜವೋ ಶಿವನೇ ಬಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ಬೆಂಗಳೂರಿಗೆ ಬಂದ ಮೇಲೆ ಪ್ರತಿ ಭಾನುವಾರ ತಿಂಡಿ ಮುಗಿಸಿ ಶಿವಾಜಿನಗರದ ಬಸ್ಸು ಹತ್ತುತ್ತಿದ್ದರು ಎಂಬುದು ಮಾತ್ರ ನಿಜ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗುಜರಿ ಓಣಿಯಲ್ಲಿ ಮುನಾವರ್ ಎಂಬವರ ಅಂಗಡಿ ಇತ್ತು. ಅಂಗಡಿ ಎನ್ನುವುದೂ ಹೆಚ್ಚೇ. ಗೇರ್ ಬಾಕ್ಸು, ಬೇರಿಂಗು, ಹಳೇ ಫ್ಯಾನುಗಳ ಗುಡ್ಡೆ, ಅದರ ನಡುವೆ ಒಂದು ಸ್ಟೂಲು. ದಂಡು ಪ್ರದೇಶದ ಹಳೇ ಬಂಗಲೆ ಖಾಲಿಯಾದಾಗಲೆಲ್ಲ ಮೂಟೆಗಳು ಅಲ್ಲಿಗೆ ಬರುತ್ತಿದ್ದವು. ಮೂಟೆಯಲ್ಲಿ ಆಟಿಕೆ ಕಂಡರೆ ಮುನಾವರ್ ಅದನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಶೇಖರ್ ಸಾಬ್‌ಗೆಂದು ಎತ್ತಿಡುತ್ತಿದ್ದರು.

ಶೇಖರಪ್ಪನವರಿಗೆ ಈ ಗಾಡಿಗಳ ಮೇಲೆ ಎಷ್ಟು ಪ್ರೀತಿಯಿತ್ತು ಎಂಬುದನ್ನು ತಿಳಿಯಬೇಕಾದರೆ ತೊಂಬತ್ತೆರಡನೇ ಇಸವಿಯ ಆಯುಧಪೂಜೆಯ ಗಲಾಟೆಯನ್ನು ಹೇಳಲೇಬೇಕು. ಅವತ್ತು ಅವರು ಕಚೇರಿಯ ಪೂಜೆಗೆ ಹೋಗಿದ್ದರು. ಟೈಪ್‌ರೈಟರಿಗೆ ಕುಂಕುಮ ಬಳಿದು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿಯ ಪೊಟ್ಟಣ ಹಿಡಿದುಕೊಂಡು ಖುಷಿಯಿಂದ ಮನೆಗೆ ಬಂದರೆ ಕೋಣೆಯಲ್ಲಿ ಬೀರು ಹಾರುಹೊಡೆದಿತ್ತು. ಒಳಗೆ ಒಂದು ಗಾಡಿಯೂ ಇಲ್ಲ. ಹೆಂಡತಿಯನ್ನು ಹುಡುಕಿಕೊಂಡು ಮಹಡಿಗೆ ಓಡಿದರು.

ಮಹಡಿಯ ಮೇಲೆ, ಬಿಸಿಲಲ್ಲಿ, ಮೂವತ್ತೆಂಟು ಗಾಡಿಗಳು ಸಾಲಾಗಿ ನಿಂತಿದ್ದವು. ಹುಣಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು ಫಳಫಳ ಮಾಡಲಾಗಿತ್ತು. ಪ್ರತಿಯೊಂದರ ಹಣೆಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಎಸಳು. ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ದೊಡ್ಡದಾಯಿತು ಎಂದು ವಿಮಲಾಕ್ಷಮ್ಮನವರು ಹಣ್ಣು ಹಿಂಡಿ, ಒಂದೊಂದು ಚಕ್ರದಡಿಗೆ ಒಂದೊಂದು ನಿಂಬೆ ಬೀಜ ಇಟ್ಟಿದ್ದರು. ಕರ್ಪೂರ ಹಚ್ಚಲು ಗಂಡನ ದಾರಿ ಕಾಯುತ್ತಿದ್ದರು.

ಶೇಖರಪ್ಪನವರ ಕಣ್ಣಿಗೆ ಸೇವಂತಿಗೆ ಬೀಳಲಿಲ್ಲ. ಜಪಾನಿನ ಫೈರ್ ಎಂಜಿನ್ನಿನ ಪಕ್ಕದಲ್ಲಿದ್ದ ಬಣ್ಣದ ಅಕ್ಷರಗಳು ಹುಣಸೆ ನೀರಿನ ಜೊತೆ ಬಚ್ಚಲಿಗೆ ಹೋಗಿದ್ದವು. ಅದೊಂದೇ ಅವರಿಗೆ ಕಂಡದ್ದು.

“ಏನ್ ಮಾಡಿಟ್ಟಿದೀ ವಿಮಲಾ ಇದು?”

“ಪೂಜೆ ರೀ. ಸ್ಕೂಟರಿಗೆ ಮಾಡಲ್ವಾ? ಇವೂ ಗಾಡಿನೇ ಅಲ್ವಾ?”

“ಹಳೇ ಬಣ್ಣ ಹೋದ್ರೆ ಇವು ಬರೀ ತಗಡು! ಗೊತ್ತಾಗಲ್ವಾ ನಿಂಗೆ? ಇನ್ಮೇಲೆ ನನ್ನ ಸಾಮಾನು ಮುಟ್ಟಬೇಡ ನೀನು. ನಿನ್ನ ಪೂಜೆ ಏನಿದ್ರೂ ಅಡುಗೆಮನೇಲಿ ಇಟ್ಕೋ.”

ಅಕ್ಕಪಕ್ಕದ ಮಹಡಿಗಳಲ್ಲಿ ಸಂಡಿಗೆ ಒಣಗಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ವಿಮಲಾಕ್ಷಮ್ಮನವರು ಸೊಂಟದಿಂದ ಬೀರುವಿನ ಕೀಲಿ ತೆಗೆದು ಮೋಟುಗೋಡೆಯ ಮೇಲೆ ಇಟ್ಟು ಕೆಳಗಿಳಿದು ಹೋದರು. ತವರಿನ ಬೀರು, ಅದರ ಕೀಲಿ. ಅಂದಿನಿಂದ ಅದು ಶೇಖರಪ್ಪನವರ ಜೇಬು ಸೇರಿತು. ಈ ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನ ಅವರು ಆಡಿದ ಮಾತು ಒಳ್ಳೆಯದಲ್ಲ, ಅದರಲ್ಲೂ ಎರಡು ಮಾತಿಲ್ಲ.

ಹೆಚ್ಚುಕಡಿಮೆ ಎರಡು ವರ್ಷ ಕಳೆದು, ತೊಂಬತ್ನಾಲ್ಕರ ಜೂನಿನಲ್ಲಿ ಒಂದು ಭಾನುವಾರ ಮುನಾವರ್ ಬಿಸ್ಕತ್ತಿನ ಡಬ್ಬಿ ತೆಗೆಯಲೇ ಇಲ್ಲ.

“ಶೇಖರ್ ಸಾಬ್, ಇವತ್ತು ಕಾರು ಗೀರು ಏನೂ ಇಲ್ಲ. ಹಾಥಿ ಬಂದೈತೆ. ಡಬ್ಬೀಲಿ ಹಿಡಿಯಲ್ಲ.”

ಗೋಣಿಚೀಲ ಸರಿಸಿದರೆ ಕೆಳಗೆ ಎರಕದ ಕಬ್ಬಿಣದ ಆನೆ. ಒಂದು ಮೊಳ ಎತ್ತರ. ನಾಲ್ಕು ಗಾಲಿಯ ಪೀಠದ ಮೇಲೆ ನಿಂತಿದೆ. ಬೆನ್ನಿನ ಅಂಬಾರಿಯಲ್ಲಿ ಒಂದು ಸೀಳು. ಸೊಂಡಿಲಿನ ತುದಿಯಲ್ಲಿ ನಾಣ್ಯವಿಟ್ಟು ಬಾಲ ಒತ್ತಿದರೆ ಸೊಂಡಿಲು ಮೇಲೆದ್ದು ನಾಣ್ಯವನ್ನು ಅಂಬಾರಿಯೊಳಗೆ ಹಾಕುತ್ತದೆ. ಗಾಡಿಗೆ ಗಾಡಿಯೂ ಹೌದು, ಹುಂಡಿಗೆ ಹುಂಡಿಯೂ ಹೌದು. ನೂರು ವರ್ಷದ ಹಿಂದೆ ಯಾವುದೋ ದೊರೆಯ ಮಗು ಹಗ್ಗ ಕಟ್ಟಿ ಎಳೆದಿರಬೇಕು. ಶೇಖರಪ್ಪನವರ ಕಣ್ಣಲ್ಲಿ ನೀರು ಬಂತು. ಸ್ಕೂಟರ್ ರಿಪೇರಿಗೆಂದು ಜೇಬಿನಲ್ಲಿಟ್ಟಿದ್ದ ದುಡ್ಡು ಅಲ್ಲೇ ಇಳಿದುಹೋಯಿತು. ಮುಂದಿನ ಎರಡು ತಿಂಗಳು ಅವರು ಬಸ್ಸಿನಲ್ಲಿ ನೇತಾಡಿಕೊಂಡು ಕಚೇರಿಗೆ ಹೋದರು, ಮುಖದ ಮೇಲಿನ ನಗು ಮಾತ್ರ ಇಳಿಯಲಿಲ್ಲ.

ಆನೆ ಬೀರುವಿನಲ್ಲಿ ಹಿಡಿಯಲಿಲ್ಲ. ನಡುಮನೆಯಲ್ಲಿ ಟೀವಿಯ ಪಕ್ಕದ ಶೋಕೇಸಿನಲ್ಲಿ ನಿಂತಿತು. ಅದಕ್ಕೆ ಬೀಗವಿರಲಿಲ್ಲ. ಸವೆದೀತು ಎಂಬ ಭಯಕ್ಕೆ ಶೇಖರಪ್ಪನವರು ಒಮ್ಮೆಯೂ ಬಾಲ ಒತ್ತಲಿಲ್ಲ, ಒಂದು ಕಾಸೂ ಹಾಕಲಿಲ್ಲ. ಹೊಟ್ಟೆಯ ಕೆಳಗೆ ಒಂದು ತುಕ್ಕು ಹಿಡಿದ ತಿರುಪಿತ್ತು. ಅದನ್ನು ತಿರುಗಿಸಲೂ ಧೈರ್ಯ ಬರಲಿಲ್ಲ.

ಒಂದೆರಡು ವರ್ಷವಾದ ಮೇಲೆ, ಒರೆಸಲೆಂದು ಎತ್ತಿದಾಗ ಆನೆಯ ಹೊಟ್ಟೆಯೊಳಗೆ ಸಣ್ಣದೊಂದು ಸದ್ದು ಕೇಳಿಸಿತು. ವರ್ಷಗಳು ಹೋದಂತೆ ಸದ್ದೂ ಬೆಳೆಯಿತು. ಶೇಖರಪ್ಪನವರು ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: ಇದು ಎರಕ ಹೊಯ್ದಾಗ ಒಳಗೆ ಅಂಟಿಕೊಂಡ ಮರಳು, ಈಗ ಬಿಟ್ಟುಕೊಂಡು ಉದುರುತ್ತಿದೆ. ಆಮೇಲೆ ಮನೆಗೆ ಬಂದ ಒಬ್ಬರನ್ನೂ ಬಿಡಲಿಲ್ಲ. ನೆಂಟರು, ಕಚೇರಿಯವರು, ಗ್ಯಾಸ್ ಸಿಲಿಂಡರ್ ತಂದವರು, ಯಾರೇ ಬರಲಿ, ಆನೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, “ಕೇಳಿಸ್ತಾ? ನೂರು ವರ್ಷದ ಇಂಗ್ಲೆಂಡಿನ ಮರಳು!” ಎನ್ನುವುದು. ಬಂದವರು ತಲೆಯಾಡಿಸುತ್ತಿದ್ದರು. ವಿಮಲಾಕ್ಷಮ್ಮನವರು ಕಾಫಿ ತಂದಿಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದರು.

ದಂಡು ಪ್ರದೇಶದ ಹವ್ಯಾಸಿ ಸಂಗ್ರಾಹಕರ ಒಂದು ಸಣ್ಣ ಸಂಘವಿತ್ತು. ಅಂಚೆಚೀಟಿಯವರು, ನಾಣ್ಯದವರು, ಗಡಿಯಾರದವರು, ಎಲ್ಲ ಸೇರಿ ಒಂದು ಮೂವತ್ತು ಜನ. ಬಿಲ್ಕೀಸ್ ಮೇಡಂ ಅದರ ಅಧ್ಯಕ್ಷರು. ನಿವೃತ್ತ ಹೆಡ್‌ಮಿಸ್ಟ್ರೆಸ್, ಬೊಂಬೆ ಸಂಗ್ರಹಿಸುತ್ತಿದ್ದವರು, ಕನ್ನಡಕದ ಮೇಲಿಂದ ನೋಡಿದರೆ ದೊಡ್ಡವರೂ ನೆಟ್ಟಗೆ ಕೂರುತ್ತಿದ್ದರು. ಎರಡು ಸಾವಿರದ ಮೂರರ ಜನವರಿಯಲ್ಲಿ ಸಂಘದ ಪ್ರದರ್ಶನ ನಡೆಯಿತು. ಗಾಲಿ ಆನೆಗೆ ಮೊದಲ ಬಹುಮಾನ ಬಂತು. ಗುಮಾಸ್ತರ ಆನೆ ದೊಡ್ಡ ದೊಡ್ಡವರ ಸಂಗ್ರಹವನ್ನೆಲ್ಲ ಹಿಂದೆ ಹಾಕಿತು ಎಂದು ಇಂಗ್ಲಿಷ್ ಪೇಪರಿನಲ್ಲಿ ಫೋಟೋ ಸಮೇತ ನಾಲ್ಕು ಸಾಲು ಬಂದವು.

ಅವತ್ತೇ ರವಿಕಿರಣ ಎಂಬವನು ಬಂದು ಕೈ ಕುಲುಕಿದ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ರಸ್ತೆಯಲ್ಲಿ ಅವನದು ಹಳೇ ವಸ್ತುಗಳ, ಏಸಿ ಹಾಕಿದ ಅಂಗಡಿ. ಸಂಘದ ಸದಸ್ಯನೂ ಹೌದು.

“ಸಾರ್, ಒಂದು ವಾರ ಕೊಡಿ. ಒಳ್ಳೆ ಕ್ಯಾಮೆರಾದಲ್ಲಿ ಫೋಟೋ ತೆಗೆಸ್ತೀನಿ. ಸಂಘದ ಪುಸ್ತಕದ ಮುಖಪುಟಕ್ಕೆ ನಿಮ್ಮ ಆನೇನೇ.”

ಮುಖಪುಟ ಎಂಬ ಮಾತು ಕೇಳಿದ ಮೇಲೆ ಶೇಖರಪ್ಪನವರು ಇನ್ನೇನೂ ಕೇಳಿಸಿಕೊಳ್ಳಲಿಲ್ಲ. ಆನೆಯನ್ನು ಟವೆಲಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು.

ವಾರ ಕಳೆದು ಆನೆ ವಾಪಸ್ ಬಂತು, ಅದೇ ಟವೆಲಿನಲ್ಲಿ. ಸಂಜೆ ಎದುರು ಮನೆಯವರು ಬಂದಾಗ ಶೇಖರಪ್ಪನವರು ಅಭ್ಯಾಸಬಲದಿಂದ ಅದನ್ನು ಅವರ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಹೊಟ್ಟೆ ಮೂಕವಾಗಿತ್ತು. ಎದುರು ಮನೆಯವರು ಹೋದ ಮೇಲೆ ಆನೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಣ್ಣ ಅದೇ, ಎತ್ತರ ಅದೇ. ಆದರೆ ಅಂಚುಗಳು ಕೈಗೆ ಒರಟು. ಸವೆತ ಇರಬೇಕಾದ ಕಡೆ ಉಪ್ಪುಕಾಗದದಲ್ಲಿ ಉಜ್ಜಿದ ಗೀರುಗಳು. ಹಳೇ ಎರಕದ ಅಚ್ಚು ತೆಗೆದು ಹೊಸದಾಗಿ ಹೊಯ್ದ ನಕಲಿ ಹುಂಡಿಗಳು ಪೇಟೆಗೆ ಬರುತ್ತಿವೆ ಎಂದು ಅವರು ಕೇಳಿದ್ದರು. ಈಗ ಅಂಥದೊಂದು ಅವರ ಶೋಕೇಸಿನಲ್ಲೇ ಬಂದು ನಿಂತಿತ್ತು.

ಮರುದಿನ ರಜೆ ಹಾಕಿ ಅಂಗಡಿಗೆ ಹೋದರು. ಗಾಜಿನ ಕಪಾಟಿನಲ್ಲಿ, ದೀಪದ ಕೆಳಗೆ, ಅವರ ಆನೆ ನಿಂತಿತ್ತು. ಹೆತ್ತವರಿಗೆ ಮಕ್ಕಳ ಗುರುತು ಹೇಳಿಕೊಡಬೇಕೇ?

“ಇದು ನಂದು,” ಎಂದರು ಶೇಖರಪ್ಪನವರು.

“ಇದಾ? ಇದು ಕುಕ್ ಟೌನಿನ ಬಂಗಲೆಯಿಂದ ಹೋದ ವರ್ಷ ತಂದಿದ್ದು ಸಾರ್. ನಿಮ್ಮದು ನಿಮಗೆ ಕೊಟ್ಟೆನಲ್ಲ.” ರವಿಕಿರಣ ದನಿ ತಗ್ಗಿಸಿದ. “ಬೇಜಾರು ಮಾಡ್ಕೋಬೇಡಿ, ನಿಮ್ಮದು ರಿಪ್ರೊಡಕ್ಷನ್ ಅಂತ ನಂಗೆ ಅವತ್ತೇ ಡೌಟಿತ್ತು. ಗುಜರಿಯಿಂದ ತಂದಿದ್ದಲ್ವಾ? ಬಹುಮಾನ ಬಂದಿದೆ, ಯಾಕೆ ಹೇಳೋದು ಅಂತ ಸುಮ್ಮನಿದ್ದೆ.”

ಶೇಖರಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಆನೆ ಹೋದದ್ದು ಒಂದು ನೋವು. ಅದರ ಮೇಲೆ ಈಗ ಅವರು ನಕಲಿ ಇಟ್ಟು ಬಹುಮಾನ ಹೊಡೆದವರು ಎಂದಾಗುತ್ತಿತ್ತು. ನಾಲ್ಕು ದಿನದಲ್ಲಿ ಆ ಮಾತು ಸಂಘದ ತುಂಬ ಹರಡಿತು. ಬಿಲ್ಕೀಸ್ ಮೇಡಂ ಫೋನ್ ಮಾಡಿ, ಮುಂದಿನ ಭಾನುವಾರದ ಸಭೆಗೆ ಎರಡೂ ಆನೆಗಳು ಮೇಜಿನ ಮೇಲೆ ಬರಬೇಕು ಎಂದು ಇಬ್ಬರಿಗೂ ಅಪ್ಪಣೆ ಮಾಡಿದರು.

ಶೇಖರಪ್ಪನವರ ಹತ್ತಿರ ರಸೀದಿಯಿಲ್ಲ. ಗುಜರಿಯಲ್ಲಿ ಯಾರು ರಸೀದಿ ಕೊಡುತ್ತಾರೆ? ಪೇಪರಿನ ಫೋಟೋದಲ್ಲಿ ಎರಡು ಆನೆಗಳಲ್ಲಿ ಯಾವುದನ್ನು ಬೇಕಾದರೂ ಕಾಣಬಹುದಿತ್ತು. ವಾರವೆಲ್ಲ ಅವರು ಸರಿಯಾಗಿ ಊಟ ಮಾಡಲಿಲ್ಲ.

“ಸದ್ದಿತ್ತಲ್ಲ ರೀ, ಅದನ್ನೇ ಹೇಳಿ,” ಎಂದರು ವಿಮಲಾಕ್ಷಮ್ಮನವರು.

“ಸದ್ದು ಅಂತೀನಿ. ಮರಳು ಯಾವ ಆನೇಲಾದ್ರೂ ಇರುತ್ತೆ ಅಂತಾನೆ. ಅದಕ್ಕೆ ಗುರುತು ಏನು?”

ವಿಮಲಾಕ್ಷಮ್ಮನವರು ಗಂಡ ಬಿಟ್ಟ ತಟ್ಟೆ ಎತ್ತಿಕೊಂಡರು. “ಭಾನುವಾರ ನಾನೂ ಬರ್ತೀನಿ,” ಎಂದರು. ಒಂದು ದಿನವೂ ಆ ಸಂಘದ ಕಡೆ ತಲೆ ಹಾಕದವರು ಯಾಕೆ ಹೊರಟರು ಎಂದು ಕೇಳುವ ಸ್ಥಿತಿಯಲ್ಲಿ ಶೇಖರಪ್ಪನವರು ಇರಲಿಲ್ಲ.

ಸಭೆಯ ದಿನ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಸಾಕ್ಷಿ ಹೇಳಲೆಂದು ಮುನಾವರ್ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದಿದ್ದರು. ರವಿಕಿರಣನ ಆನೆಯನ್ನು ತೋರಿಸಿ, ಇದನ್ನೇ ತಾನು ಶೇಖರ್ ಸಾಬ್‌ಗೆ ಮಾರಿದ್ದು ಎಂದು ಹೇಳಿದರು. ರವಿಕಿರಣ ನಕ್ಕ. ಗುಜರಿಯವರು ಸ್ನೇಹಿತರ ಪರವಾಗಿ ಹೇಳದೆ ಇನ್ನೇನು ಹೇಳುತ್ತಾರೆ ಎಂದ. ಬಿಲ್ಕೀಸ್ ಮೇಡಂ ಎರಡೂ ಆನೆಗಳನ್ನು ಒಂದೊಂದಾಗಿ ಎತ್ತಿ ಅಲ್ಲಾಡಿಸಿದರು. ಶೇಖರಪ್ಪನವರು ತಂದ ಆನೆ ಸುಮ್ಮನಿತ್ತು. ರವಿಕಿರಣನ ಆನೆಯ ಹೊಟ್ಟೆಯೊಳಗೆ ಸರಸರ ಸದ್ದಾಯಿತು.

“ಅದೇ! ಅದೇ ನಂದು!” ಶೇಖರಪ್ಪನವರು ಎದ್ದು ನಿಂತೇಬಿಟ್ಟರು. “ಆ ಸದ್ದು ನಂಗೆ ನಿದ್ದೇಲೂ ಗೊತ್ತಾಗುತ್ತೆ!”

“ಒಳಗೆ ಏನಿದೆ ರವಿಕಿರಣ್?” ಎಂದು ಕೇಳಿದರು ಬಿಲ್ಕೀಸ್ ಮೇಡಂ.

“ಮರಳು ಮೇಡಂ. ಹಳೇ ಎರಕ ಅಂದ್ರೆ ಒಳಗೆ ಮರಳು ಇದ್ದೇ ಇರುತ್ತೆ. ಶೇಖರಪ್ಪನವರೇ ನಮಗೆಲ್ಲ ಪಾಠ ಹೇಳಿದಾರಲ್ಲ.”

ಸಭೆಯಲ್ಲಿ ಒಂದಿಬ್ಬರು ನಕ್ಕರು. ಶೇಖರಪ್ಪನವರು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ ಮಾತು ಈಗ ಅವರ ಕೊರಳಿಗೇ ಸುತ್ತಿಕೊಂಡಿತ್ತು. ಮತ್ತೆ ಕುರ್ಚಿಯಲ್ಲಿ ಕೂತರು.

“ಅದು ಮರಳಲ್ಲ ಮೇಡಂ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿ ವಿಮಲಾಕ್ಷಮ್ಮನವರು ಸೆರಗು ಹೊದ್ದು ಎದ್ದು ನಿಂತಿದ್ದರು.

“ಒಳಗೆ ಒಂಬತ್ತು ಬೀಜ ಇದೆ. ಎಂಟು ನಿಂಬೆ ಬೀಜ, ಒಂದು ಹುಣಸೆ ಬೀಜ. ಪ್ರತಿ ಆಯುಧಪೂಜೆಗೆ ಒಂದೊಂದು ನಾನೇ ಹಾಕಿದೀನಿ. ಇವರು ಗಾಡಿಗಳನ್ನ ಮುಟ್ಟಬೇಡ ಅಂದ್ರು, ಬೀರುಗೆ ಬೀಗ ಹಾಕ್ಕೊಂಡ್ರು. ಗಾಡಿ ಅಂದ್ಮೇಲೆ ಪೂಜೆ ಇಲ್ದೆ ಇರಬಾರದು. ಹೊರಗೆ ಇದ್ದದ್ದು ಇದೊಂದೇ. ಅದಕ್ಕೆ ಎಲ್ಲಾ ಗಾಡಿಗಳ ಹೆಸರಲ್ಲಿ ಇದರ ಹೊಟ್ಟೆಗೆ ಒಂದು ಬೀಜ.”

“ಹುಣಸೆ ಬೀಜ ಯಾಕೆ?” ಎಂದರು ಬಿಲ್ಕೀಸ್ ಮೇಡಂ, ಕನ್ನಡಕದ ಮೇಲಿಂದ ನೋಡುತ್ತ.

“ಆ ವರ್ಷ ನಿಂಬೆಹಣ್ಣು ತನ್ನಿ ಅಂತ ಇವರನ್ನ ಕಳಿಸಿದ್ದೆ. ಶಿವಾಜಿನಗರಕ್ಕೆ ಹೋಗಿ ತಗಡಿನ ಬಸ್ಸು ತಂದ್ರು.”

ಸಭೆ ಗೊಳ್ಳೆಂದು ನಕ್ಕಿತು. ರವಿಕಿರಣ ಮಾತ್ರ ನಗಲಿಲ್ಲ. ತಿರುಪು ನೂರು ವರ್ಷದ್ದು, ಬಿಚ್ಚಲು ಹೋದರೆ ಹೊಟ್ಟೆ ಸೀಳಿ ಬೆಲೆಯೇ ಹೋಗುತ್ತದೆ, ಯಾರು ಹೊಣೆ ಎಂದು ದನಿ ಏರಿಸಿದ. ಆ ಮಾತು ಸುಳ್ಳಲ್ಲ. ಬಿಲ್ಕೀಸ್ ಮೇಡಂ ಶೇಖರಪ್ಪನವರ ಕಡೆ ನೋಡಿದರು.

ಶೇಖರಪ್ಪನವರು ಹೆಂಡತಿಯ ಮುಖ ನೋಡುತ್ತಿದ್ದರು. ಹಳೇ ಬಣ್ಣದ ಒಂದು ಚಕ್ಕೆ ಎದ್ದರೆ ಊಟ ಬಿಡುತ್ತಿದ್ದ ಮನುಷ್ಯ. ಬಾಲ ಒತ್ತಲೂ ಹೆದರಿದ ಮನುಷ್ಯ. ಬೀಜ ಇಲ್ಲದಿದ್ದರೆ ಆನೆಯೂ ಹೋಯಿತು, ಮಾನವೂ ಹೋಯಿತು, ಜೊತೆಗೆ ಇವಳೂ ಮೂವತ್ತು ಜನರ ಮುಂದೆ ನಗೆಪಾಟಲು. ಆದರೂ ಅವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

“ಬಿಚ್ಚು ಮುನಾವರ್,” ಎಂದರು. “ಸೀಳಿದ್ರೆ ಸೀಳಲಿ.”

ಮುನಾವರ್ ತಿರುಪಿಗೆ ಸೀಮೆಎಣ್ಣೆ ಬಿಟ್ಟು, ಬಿಸ್ಮಿಲ್ಲಾ ಎಂದು ಸ್ಕ್ರೂಡ್ರೈವರ್ ಒತ್ತಿದರು. ಮೊದಲು ಜಗ್ಗಲಿಲ್ಲ. ಆಮೇಲೆ ಕಿರ್ರೆಂದು ಒಂದು ಸುತ್ತು, ಇನ್ನೊಂದು ಸುತ್ತು. ಹೊಟ್ಟೆಯ ಮುಚ್ಚಳ ಬಂತು. ಬಿಲ್ಕೀಸ್ ಮೇಡಂ ತಮ್ಮ ಬಿಳಿ ಕರವಸ್ತ್ರ ಹಾಸಿದರು. ಅದರ ಮೇಲೆ ಒಂದು ಚಿಟಿಕೆ ವಿಭೂತಿ ಉದುರಿತು, ಅದರ ಹಿಂದೆಯೇ ಒಣಗಿದ ನಿಂಬೆ ಬೀಜಗಳು. ಅವರು ಒಂದೊಂದನ್ನೂ ಬೆರಳಿನಿಂದ ಸರಿಸಿ ಎಣಿಸಿದರು. ಎಂಟು. ಮುನಾವರ್ ಆನೆಯ ಬೆನ್ನಿಗೆ ಅಂಗೈಯಿಂದ ಒಂದು ಬಡಿದರು. ಟಪ್ಪೆಂದು ಹುಣಸೆ ಬೀಜ ಬಿತ್ತು.

“ವಾಹ್ ಭಾಭೀ!” ಎಂದು ಮುನಾವರ್ ಕೂಗಿದ್ದೇ ತಡ, ಅಂಚೆಚೀಟಿಯವರು, ನಾಣ್ಯದವರು, ಗೋಡೆಗೆ ಒರಗಿದ್ದವರು ಎಲ್ಲರೂ ಚಪ್ಪಾಳೆ ಹೊಡೆದರು. ಅಂಗಡಿಯಲ್ಲಿ ಅದಲುಬದಲಾಗಿರಬೇಕು ಎಂದು ರವಿಕಿರಣ ಏನೋ ಗೊಣಗಿದ. ಅವನ ಹೆಸರನ್ನು ಸದಸ್ಯರ ಪಟ್ಟಿಯಿಂದ ಬಿಲ್ಕೀಸ್ ಮೇಡಂ ಅಲ್ಲೇ, ಎಲ್ಲರೆದುರೇ ಹೊಡೆದುಹಾಕಿದರು. ಒಂಬತ್ತೂ ಬೀಜಗಳನ್ನು ಆನೆಯ ಹೊಟ್ಟೆಗೆ ವಾಪಸ್ ಹಾಕಿಸಿ ತಿರುಪು ಬಿಗಿಸಿದ ಮೇಲೆಯೇ ಅವರು ಸಭೆ ಮುಗಿಸಿದ್ದು. ಆನೆಯನ್ನು ಎತ್ತಿ ಶೇಖರಪ್ಪನವರಿಗೆ ಕೊಡಲಿಲ್ಲ, ವಿಮಲಾಕ್ಷಮ್ಮನವರ ಕೈಗೆ ಕೊಟ್ಟರು.

ಆಟೋದಲ್ಲಿ ಬರುವಾಗ ಹಲಸೂರು ಕೆರೆಯ ಹತ್ತಿರ ಶೇಖರಪ್ಪನವರು ಹೆಂಡತಿಯ ಕಡೆ ತಿರುಗಿದರು. “ನಂಗೆ ಮೊದಲೇ ಯಾಕೆ ಹೇಳಲಿಲ್ಲ?” ಎಂದರು.

“ಹೇಳಿದ್ರೆ ನೀವು ಅವತ್ತೇ ಫೋನ್ ಮಾಡಿ ಅವನಿಗೆ ಬೈದು, ಬೀಜದ ಕಥೆನೆಲ್ಲ ಹೇಳಿಬಿಡ್ತಿದ್ರಿ. ಅವನು ರಾತ್ರೋರಾತ್ರಿ ಉದುರಿಸಿಬಿಡ್ತಿದ್ದ.”

“ಅದಲ್ಲ. ಒಂಬತ್ತು ವರ್ಷ?”

“ಮುಟ್ಟಬೇಡ ಅಂದಿದ್ರಲ್ಲ ರೀ.” ಅವರು ತೊಡೆಯ ಮೇಲಿನ ಆನೆಯನ್ನು ಸರಿಯಾಗಿ ಹಿಡಿದುಕೊಂಡರು. “ನಾನು ಮುಟ್ಟಲಿಲ್ಲ. ಮೇಲಿಂದ ಹಾಕಿದೆ, ಅಷ್ಟೇ.”

ಶೇಖರಪ್ಪನವರಿಗೆ ನಾಚಿಕೆಯಾಯಿತು. ಗೆದ್ದು ಮನೆಗೆ ಹೋಗುತ್ತಿರುವ ಸಂತೋಷ ಎದೆ ತುಂಬ ಇತ್ತು, ಅದರ ಪಕ್ಕದಲ್ಲೇ ಈ ನಾಚಿಕೆಯೂ ಕೂತಿತ್ತು. ಮನೆ ಮುಟ್ಟಿದ ಮೇಲೆ ಜೇಬಿನಿಂದ ಬೀರುವಿನ ಕೀಲಿ ತೆಗೆದು ಹೆಂಡತಿಯ ಕೈಗಿಟ್ಟರು. ಹತ್ತು ವರ್ಷದ ಹಿಂದೆ ಆಡಬಾರದ ಮಾತು ಆಡಿದೆ ಎಂದು ಬಾಯಿಬಿಟ್ಟು ಹೇಳಿದರು. ವಿಮಲಾಕ್ಷಮ್ಮನವರು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲು ಊಟ ಮಾಡಿ ಎಂದರು.

ಆ ವರ್ಷದ ಆಯುಧಪೂಜೆಗೆ ಶೇಖರಪ್ಪನವರು ಕಚೇರಿಯ ಪೂಜೆ ತಪ್ಪಿಸಿದರು. ಹುಣಸೆಹಣ್ಣು ಬೇಡ, ಒಣ ಬಟ್ಟೆ ಸಾಕು ಎಂಬ ಒಪ್ಪಂದದ ಮೇಲೆ ನೂರಾ ಹನ್ನೆರಡು ಗಾಡಿಗಳು ಮಹಡಿ ಹತ್ತಿದವು. ಬೆಳಗಿನಿಂದ ನಿಂಬೆಹಣ್ಣು ಹಿಂಡಿ ಹಿಂಡಿ ಅವರ ಕೈ ಸೋತಿತು. ಬೀದಿಯವರಿಗೆಲ್ಲ ಎರಡು ದಿನ ಶರಬತ್ತು ಸಿಕ್ಕಿತು. ಎದುರು ಮನೆಯವರು ಬಂದು ಚಕ್ರಗಳಡಿಗೆ ಬೀಜ ಇಡಲು ಕೂತರು. ಅಕ್ಷರ ಕಳೆದುಕೊಂಡ ಜಪಾನಿನ ಫೈರ್ ಎಂಜಿನ್ನು ಎಲ್ಲಕ್ಕಿಂತ ಮುಂದೆ ನಿಂತಿತ್ತು.

ಕೊನೆಗೆ ಆನೆಯ ಸರದಿ ಬಂತು. ಶೇಖರಪ್ಪನವರು ಬೀಜವನ್ನು ಹೆಂಡತಿಯ ಕಡೆ ಚಾಚಿದರು.

“ಒಂಬತ್ತು ಸಲ ನಾನೇ ಹಾಕಿದೀನಿ,” ಎಂದರು ವಿಮಲಾಕ್ಷಮ್ಮನವರು. “ಈ ಸಲ ಆನೆನೇ ಹಾಕಲಿ.”

ಶೇಖರಪ್ಪನವರು ಸೊಂಡಿಲಿನ ತುದಿಯಲ್ಲಿ ನಿಂಬೆ ಬೀಜ ಇಟ್ಟು, ಜೀವಮಾನದಲ್ಲಿ ಮೊದಲ ಸಲ ಬಾಲ ಒತ್ತಿದರು. ಸೊಂಡಿಲು ಕಿರುಗುಟ್ಟುತ್ತ ಮೇಲೆದ್ದು ಬೀಜವನ್ನು ಅಂಬಾರಿಯೊಳಗೆ ಹಾಕಿತು. ಅವರು ಆನೆಯನ್ನು ಎರಡೂ ಕೈಯಲ್ಲಿ ಎತ್ತಿ ಹೆಂಡತಿಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇಷ್ಟು ವರ್ಷ ಆ ಸದ್ದನ್ನು ಊರಿಗೆಲ್ಲ ಕೇಳಿಸಿದ್ದರು, ಇವರೊಬ್ಬರಿಗೆ ಕೇಳಿಸಿರಲಿಲ್ಲ.

ವಿಮಲಾಕ್ಷಮ್ಮನವರು ಕಣ್ಣು ಮುಚ್ಚಿ ಕೇಳಿದರು.

“ಮರಳು ಬಹಳ ಇದೆ ರೀ,” ಎಂದು ನಕ್ಕುಬಿಟ್ಟರು.